ಅಕ್ಕಿ ಕಾಳಿಗಿಂತ ಚಿಕ್ಕ ಪೇಸ್‌ಮೇಕರ್ ಹೃದಯದ ತೂತು ಮುಚ್ಚುವುದಿಲ್ಲ

"ಮಕ್ಕಳ ಹೃದಯದ ತೂತಿಗೆ ಇನ್ನು ಆಪರೇಷನ್ ಬೇಡ, ಅಕ್ಕಿ ಕಾಳಿಗಿಂತ ಚಿಕ್ಕ ಯಂತ್ರವನ್ನು ಇಂಜೆಕ್ಷನ್‌ನಲ್ಲಿ ಕೊಟ್ಟರೆ ಸಾಕು" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಯಂತ್ರ ಇರುವುದು ನಿಜ. ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಜಾನ್ ರೋಜರ್ಸ್, ಇಗೊರ್ ಎಫಿಮೋವ್ ತಂಡ ಮಾಡಿದ್ದು. 2025ರ ಏಪ್ರಿಲ್‌ನಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಇದರ ವರದಿ ಬಂತು. ಉದ್ದ 3.5 ಮಿ.ಮೀ. ಅಷ್ಟೇ. ಆದರೆ ಇದು ತಾತ್ಕಾಲಿಕ ಪೇಸ್‌ಮೇಕರ್. ತೂತಿನ ಆಪರೇಷನ್ ಆದ ಮೇಲೆ ಕೆಲವು ದಿನ ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವುದೇ ಇದರ ಕೆಲಸ.

ಈಗ ಅದಕ್ಕೆ ಹೃದಯದ ಮೇಲೆ ತಂತಿ ಹೊಲಿದು, ಇನ್ನೊಂದು ತುದಿಯನ್ನು ಎದೆಯಿಂದ ಹೊರಗೆ ಬಿಟ್ಟು, ಆಮೇಲೆ ಎಳೆದು ತೆಗೆಯುತ್ತಾರೆ, ಆಗ ಗಾಯವಾಗುವ ಭಯ ಇದ್ದೇ ಇರುತ್ತದೆ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ ತೀರಿಕೊಂಡಿದ್ದು ಇಂಥ ತಂತಿ ತೆಗೆದ ಮೇಲೆ ಆದ ರಕ್ತಸ್ರಾವದಿಂದ. ಹೊಸದಕ್ಕೆ ತಂತಿಯೇ ಇಲ್ಲ. ಎದೆಗೆ ಅಂಟಿಸಿದ ಪಟ್ಟಿ ಬಡಿತ ತಪ್ಪಿದ್ದನ್ನು ಗುರುತಿಸಿ ಬೆಳಕು ಹಾಯಿಸುತ್ತದೆ, ಯಂತ್ರ ಕೆಲಸ ಶುರು ಮಾಡುತ್ತದೆ, ಕೆಲಸ ಮುಗಿದ ಮೇಲೆ ಮೈಯೊಳಗೇ ಕರಗಿಹೋಗುತ್ತದೆ. ಪುಟ್ಟ ಮಕ್ಕಳಿಗೆ ಇದು ನಿಜಕ್ಕೂ ದೊಡ್ಡ ವಿಷಯ ಅಲ್ವಾ? ಆದರೆ ಆ ವರದಿಯಲ್ಲಿರುವುದು ಪ್ರಾಣಿಗಳ ಮೇಲೆ, ಮತ್ತು ದಾನಿಗಳಿಂದ ಬಂದ ಹೃದಯಗಳ ಮೇಲೆ ಮಾಡಿದ ಪರೀಕ್ಷೆ. ಮಕ್ಕಳಿಗೆ ಹಾಕಿ ನೋಡಿದ್ದಲ್ಲ.

ತೂತಿನ ವಿಷಯವೇ ಬೇರೆ. ಚಿಕ್ಕದಾದರೆ ಎಷ್ಟೋ ಸಲ ತಾನಾಗೇ ಮುಚ್ಚುತ್ತದೆ, ಕೆಲವನ್ನು ತೊಡೆಯ ರಕ್ತನಾಳದ ಮೂಲಕ ಮುಚ್ಚುತ್ತಾರೆ, ಕೆಲವಕ್ಕೆ ಆಪರೇಷನ್ನೇ ಬೇಕು. ಎಕೋ (ಹೃದಯದ ಸ್ಕ್ಯಾನ್) ನೋಡಿ ಡಾಕ್ಟರು ಚಿಕಿತ್ಸೆಗೆ ದಿನ ಕೊಟ್ಟಿದ್ದರೆ, ಈ ಮೆಸೇಜ್ ನಂಬಿ ದಯವಿಟ್ಟು ಮುಂದೂಡಬೇಡಿ.