ಬಫೆ ಸಾಲಿನಲ್ಲಿ ಯಾರ ಪಕ್ಕ ನಿಲ್ಲಬೇಕು?

ದಾವಣಗೆರೆಯಲ್ಲಿ ಈಗ ಬಿಸಿನೆಸ್ ಮೀಟ್‌ಗಳಿಗೆ ಬರವಿಲ್ಲ. ಪಿ.ಬಿ. ರಸ್ತೆಯ ಹೋಟೆಲ್ ಹಾಲಲ್ಲಿ ಒಂದು, ಯಾವುದೋ ಕಲ್ಯಾಣ ಮಂಟಪದಲ್ಲಿ ಇನ್ನೊಂದು. ಕ್ಲಬ್ಬಿನವರು ಮಾಡ್ತಾರೆ, ಬ್ಯಾಂಕಿನವರು ಮಾಡ್ತಾರೆ, ಸಂಘದವರೂ ಮಾಡ್ತಾರೆ. ಹೋಗಿ ಬಂದವರನ್ನ ಕೇಳಿದ್ರೆ ಎರಡೇ ಉತ್ತರ: "ಊಟ ಚೆನ್ನಾಗಿತ್ತು", ಇಲ್ಲಾ "ಸುಮ್ನೆ ಟೈಮ್ ವೇಸ್ಟು".

ನಾನು ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಬಾಕ್ಸ್ ಮಾಡೋ ಸಣ್ಣ ಯೂನಿಟ್ ನಡೆಸ್ತೀನಿ. ನನಗೆ ಸಿಕ್ಕ ಒಳ್ಳೆ ಪಾರ್ಟಿಗಳಲ್ಲಿ ಹೆಚ್ಚಿನವರು ಇಂಥ ಸಭೆಗಳ ಮೂಲಕವೇ ಬಂದವರು. ಆದರೆ ಅವರನ್ನ ನಾನು ಆ ಸಭೆಗಳಲ್ಲಿ ಭೇಟಿಯಾಗಿದ್ದೇ ಇಲ್ಲ. ಅಲ್ಲಿ ಸಿಕ್ಕಿದ್ದು ಟ್ರಾನ್ಸ್‌ಪೋರ್ಟಿನವರು, ಜಿಎಸ್‌ಟಿ ರಿಟರ್ನ್ ತುಂಬೋ ಹುಡುಗರು, ಬ್ಯಾಂಕಿನ ಲೋನ್ ಆಫೀಸರು, ತೂಕದ ಯಂತ್ರ ರಿಪೇರಿ ಮಾಡೋರು. ಇವರಲ್ಲಿ ಒಬ್ಬರಿಗೂ ಬಾಕ್ಸ್ ಬೇಕಿಲ್ಲ. ಆದರೆ ಯಾರ ಸರಕು ಲಾರೀಲಿ ಜಜ್ಜಿಹೋಗ್ತಿದೆ ಅಂತ ಟ್ರಾನ್ಸ್‌ಪೋರ್ಟಿನವರಿಗೆ ಗೊತ್ತು. ಯಾರು ಹೊಸ ಮಷೀನಿಗೆ ಸಾಲ ಕೇಳಿದಾರೆ ಅಂತ ಬ್ಯಾಂಕಿನವರಿಗೆ ಗೊತ್ತು. (ಅವರು ಹೇಳಲ್ಲ, ಹೇಳಲೂಬಾರದು. ಆದರೆ ನಿಮ್ಮ ನಂಬರನ್ನ ಆ ಗಿರಾಕಿಗೆ ಕೊಡಬಹುದಲ್ಲ.) ನಮ್ಮ ಜನ ಮಾತ್ರ ಹಾಲಿಗೆ ಕಾಲಿಟ್ಟ ಕೂಡಲೇ ದೊಡ್ಡ ಸಾಹುಕಾರರ ಸುತ್ತ ನಿಲ್ತಾರೆ. ಸಾಹುಕಾರರ ಕೈಯಲ್ಲಿ ಆಗಲೇ ಒಂದು ಕಟ್ಟು ವಿಸಿಟಿಂಗ್ ಕಾರ್ಡ್ ಇರುತ್ತೆ.

ಇದು ನನ್ನ ತಲೆಯಲ್ಲೇ ಹುಟ್ಟಿದ್ದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನ ಬರೆದಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ ವಿಚಾರಿಸಿದಾಗ, ಪದೇ ಪದೇ ಸಿಗೋ ಆಪ್ತರಿಂದ ಸುದ್ದಿ ತಿಳಿದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ, ಇಲ್ಲಾ ಅಪರೂಪಕ್ಕೆ ಸಿಗೋ ಪರಿಚಯಸ್ಥರೇ ದಾರಿ ತೋರಿಸಿದ್ದು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರೋದೆಲ್ಲ ನಮಗೂ ಆಗಲೇ ಗೊತ್ತಿರುತ್ತೆ.

ಹೊಸಬರನ್ನ ಮಾತಾಡಿಸಬೇಕು ಅಂತ ಎಲ್ಲರೂ ಮನೆಯಿಂದ ಹೊರಡುವಾಗ ಅಂದ್ಕೊಂಡಿರ್ತಾರೆ. 2007ರಲ್ಲಿ ಪ್ರಕಟವಾದ ಕೊಲಂಬಿಯಾ ಬಿಸಿನೆಸ್ ಸ್ಕೂಲಿನ ಒಂದು ಅಧ್ಯಯನದಲ್ಲಿ, ಇಂಥದೇ ಒಂದು ಕೂಟಕ್ಕೆ ಬಂದವರಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ಹಾಕಿ ಯಾರು ಯಾರ ಜೊತೆ ಮಾತಾಡ್ತಾರೆ ಅಂತ ನೋಡಿದರು. ಹೊಸಬರ ಪರಿಚಯಕ್ಕೇ ಬಂದಿದ್ದೇವೆ ಅಂದವರೂ ಹೆಚ್ಚಾಗಿ ಮಾತಿಗೆ ನಿಂತಿದ್ದು ಹಳೇ ಪರಿಚಯದವರ ಜೊತೆಗೇ. ನಮ್ಮಲ್ಲಿ ಇದನ್ನ ತಿಳಿಯೋಕೆ ಬ್ಯಾಡ್ಜ್ ಬೇಕಾಗಿಲ್ಲ, ಊಟದ ಟೇಬಲ್ ನೋಡಿದ್ರೆ ಸಾಕು. ಬೀಗರು ಒಂದು ಕಡೆ, ಒಂದೇ ಮಠದ ಭಕ್ತರು ಇನ್ನೊಂದು ಕಡೆ, ಮಂಡಿಪೇಟೆಯವರು ಮಂಡಿಪೇಟೆಯವರ ಜೊತೆ. ಒಳಗೊಳಗೇ ಜಾತಿ ಲೆಕ್ಕವೂ ನಡೆದಿರುತ್ತೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. ಹೈದರಾಲಿ ಈ ಊರನ್ನ ಅಪ್ಪೋಜಿರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟಾಗ, ಆತ ವ್ಯಾಪಾರಸ್ಥರನ್ನ ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ ಅಂತ ಇತಿಹಾಸ ಹೇಳುತ್ತೆ. ಹೊರಗಿನವರನ್ನ ಕರೆದು ಬೆಳೆದ ಪೇಟೆ ಇದು. ಇವತ್ತು ಹರಿಹರದಿಂದ ಬಂದವನೊಬ್ಬ ತಟ್ಟೆ ಹಿಡಿದು ಒಬ್ಬನೇ ನಿಂತಿರ್ತಾನೆ. ನಾನು ಹೋಗಿ ನಿಲ್ಲೋದು ಅವನ ಪಕ್ಕ.

ಹೆಣ್ಮಕ್ಕಳಿಗೆ ಇನ್ನೊಂದು ತಾಪತ್ರಯ. "ಯಜಮಾನ್ರು ಬಂದಿಲ್ವಾ ಮೇಡಂ?" ಅನ್ನೋ ಪ್ರಶ್ನೆ ತಪ್ಪಿದ್ದೇ ಇಲ್ಲ. "ಅವರು ಮಷೀನ್ ಹತ್ರ ಇದಾರೆ, ಆರ್ಡರ್ ತಗೊಳ್ಳೋದು ನಾನೇ ಸರ್" ಅಂತೀನಿ. ಅಲ್ಲಿಗೆ ಮಾತು ನೇರ ರೇಟಿಗೆ ಬರುತ್ತೆ. ಅದು ಒಳ್ಳೇದೇ.

ಪರಿಚಯ ಹೇಳ್ಕೊಳ್ಳೋ ರೀತಿಯೂ ಬದಲಾಗಬೇಕು. "ನಾವು ಎಲ್ಲಾ ಥರದ ಬಾಕ್ಸ್ ಮಾಡ್ತೀವಿ" ಅಂದ್ರೆ ಕೇಳಿದವರಿಗೆ ಏನೂ ನೆನಪಿರಲ್ಲ. "ಚಕ್ಕುಲಿ, ನಿಪ್ಪಟ್ಟು ಹೊರ ಊರಿಗೆ ಕಳಿಸಿ ಪುಡಿಯಾಗಿ ವಾಪಸ್ ಬರ್ತಿದೆ ಅನ್ನೋರು ಯಾರಾದ್ರೂ ಇದ್ರೆ ಹೇಳಿ, ಇನ್ನೂರು ಬಾಕ್ಸ್ ಆದ್ರೂ ಮಾಡಿಕೊಡ್ತೀನಿ" ಅಂದ್ರೆ, ಕೇಳಿದವರ ತಲೆಯಲ್ಲಿ ಒಂದು ಮುಖ ಥಟ್ಟನೆ ಬರುತ್ತೆ. ಮೈಕ್ ಹಿಡಿದು ಉದ್ದುದ್ದ ಮಾತಾಡೋದಕ್ಕಿಂತ, ಭಾಷಣ ಮುಗಿದ ಮೇಲೆ ಎದ್ದು ಒಂದು ಒಳ್ಳೆ ಪ್ರಶ್ನೆ ಕೇಳಿ ನೋಡಿ. ಸಿಎ ಒಬ್ಬರು ಬಾಕಿ ವಸೂಲಿ ಬಗ್ಗೆ ಮಾತಾಡ್ತಿದ್ರು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲನ್ನ, ಲಿಖಿತ ಒಪ್ಪಂದ ಇದ್ರೂ 45 ದಿನದೊಳಗೆ, ಇಲ್ಲದಿದ್ರೆ 15 ದಿನದೊಳಗೆ ಕೊಡಬೇಕು. "ನಾವು ಎರಡೇ ವಾಕ್ಯದ ಪರ್ಚೇಸ್ ಆರ್ಡರ್ ಮೇಲೆ ಮಾಲು ಕಳಿಸ್ತೀವಿ, ಅದು ಒಪ್ಪಂದ ಅನಿಸುತ್ತಾ ಸರ್?" ಅಂತ ಕೇಳಿದೆ. ಕಾರ್ಯಕ್ರಮ ಮುಗಿದ ಮೇಲೆ ಉದ್ರಿ ಕೊಟ್ಟು ಒದ್ದಾಡ್ತಿದ್ದವರೆಲ್ಲ ತಾವಾಗೇ ಬಂದು ಮಾತಾಡಿಸಿದರು. ಯಾರು ಸರಿಯಾಗಿ ದುಡ್ಡು ಕೊಡ್ತಾರೆ, ಯಾರು ಆಟ ಆಡಿಸ್ತಾರೆ ಅನ್ನೋ ಸುದ್ದಿ ಆ ಅರ್ಧ ಗಂಟೇಲಿ ಸಿಕ್ಕಿತು. ಯಾವ ವೆಬ್‌ಸೈಟಲ್ಲೂ ಅದು ಸಿಗಲ್ಲ.

ಬಿಎನ್‌ಐ (ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್) ಥರದ ಗುಂಪುಗಳ ಬಗ್ಗೆ ಬಹಳ ಜನ ಕೇಳ್ತಾರೆ. 1985ರಲ್ಲಿ ಅಮೆರಿಕದಲ್ಲಿ ಐವನ್ ಮಿಸ್ನರ್ ಶುರು ಮಾಡಿದ್ದು. ವಾರಕ್ಕೊಂದು ಸಭೆ, ಒಬ್ಬರಿಗೊಬ್ಬರು ಗಿರಾಕಿ ಕಳಿಸೋದು. ಆ ಶಿಸ್ತು ನನಗೆ ಇಷ್ಟ. ಆದರೆ ಒಂದು ಚಾಪ್ಟರಲ್ಲಿ, ಅಂದ್ರೆ ಒಂದು ಸ್ಥಳೀಯ ಗುಂಪಲ್ಲಿ, ಒಂದು ಕಸುಬಿಗೆ ಒಬ್ಬರೇ ಅನ್ನೋ ನಿಯಮ ನಮ್ಮಂಥ ಊರಿಗೆ ಅಷ್ಟು ಹೊಂದಲ್ಲ ಅಂತ ನನ್ನ ಅನಿಸಿಕೆ. ನನಗೆ ಅರ್ಜೆಂಟ್ ಕೆಲಸ ಕಳಿಸೋರು ಇನ್ನೊಬ್ಬ ಬಾಕ್ಸಿನವರೇ. ಅವರ ಮಷೀನ್ ಕೆಟ್ಟಾಗ ನಾನು, ನನ್ನ ಕ್ರಾಫ್ಟ್ ಪೇಪರ್ ಲೋಡು ತಡವಾದಾಗ ಅವರು. ಎದುರಾಳಿ ಅಂತ ದೂರ ಇಟ್ಟಿದ್ರೆ ಇಬ್ಬರಿಗೂ ನಷ್ಟ.

ಸಭೆ ಮುಗಿದ ಮೇಲಿನ ಕೆಲಸದಲ್ಲಿ ಬಹಳ ಜನ ಸೋಲ್ತಾರೆ. ಅವತ್ತೇ ರಾತ್ರಿ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕಿ, ಏನು ಮಾತಾಡಿದ್ವಿ ಅಂತ ನೆನಪಿಸಿ. ಕ್ಯಾಟಲಾಗ್ ಪಿಡಿಎಫ್ ಬೇಡ, ಯಾರೂ ತೆಗೆಯಲ್ಲ. ಆಮೇಲೆ ಅಂಗಡಿಗೆ ಹೋಗಿ. ಮಂಡಿಪೇಟೆಗೆ ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಎಪಿಎಂಸಿಯವರನ್ನಂತೂ ಮೆಕ್ಕೆಜೋಳದ ಸೀಸನ್‌ನಲ್ಲಿ ಮಾತಾಡಿಸೋಕೇ ಹೋಗಬೇಡಿ, "ಆಮ್ಯಾಕೆ ಬರ್ರಿ" ಅಂತಾರೆ, ಆ ಆಮ್ಯಾಕೆ ಬರೋದೇ ಇಲ್ಲ. ಮೊದಲ ಭೇಟೀಲಿ ಆರ್ಡರ್ ಕೇಳೋದೂ ಬೇಡ. ಅವರಿಗೇ ಒಬ್ಬ ಗಿರಾಕಿಯನ್ನೋ ಒಬ್ಬ ಒಳ್ಳೆ ಮೆಕ್ಯಾನಿಕ್ಕನ್ನೋ ಹುಡುಕಿಕೊಡಿ.

ಬರೆದ ಮೇಲೆ ನಾನೂ ಕೇಳಬೇಕಲ್ಲ. ನನಗೆ ಈಗ ಬೇಕಾಗಿರೋದು, ಬಾಕ್ಸ್ ಮೇಲೆ ಹೆಸರು ಅಚ್ಚು ಹಾಕೋಕೆ ರಬ್ಬರ್ ಸ್ಟೀರಿಯೋ (ರಬ್ಬರಿನ ಅಚ್ಚು) ಮಾಡಿಕೊಡೋರು. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದ ಕಡೆ ಯಾರಾದ್ರೂ ಇದ್ರೆ ಸಾಕು. ಸಣ್ಣ ಆರ್ಡರ್ ಅಂತ ಮೂಗು ಮುರಿಯಬಾರದು, ನಾಲ್ಕು ದಿನದಲ್ಲಿ ಕೊಡಬೇಕು. ಪೇಮೆಂಟ್ ಕೈಗೆ ಕೈ. ನಿಮಗೆ ಗೊತ್ತಿಲ್ಲದಿದ್ರೆ ನಿಮ್ಮ ಟ್ರಾನ್ಸ್‌ಪೋರ್ಟಿನವರನ್ನ ಕೇಳಿ.