ಹಾಲಿಗೆ ಆದದ್ದು ಕಾಫಿಗೆ ಯಾಕೆ ಆಗಲಿಲ್ಲ?

ಡಿಸ್ಟ್ರಿಬ್ಯೂಟಿಸಂ ಅಂದ್ರೆ ಒಬ್ಬರ ತೋಟ ಕಿತ್ತು ಇನ್ನೊಬ್ಬರಿಗೆ ಹಂಚೋದು ಅಂದ್ಕೊಂಡವರೇ ಜಾಸ್ತಿ. ಅಲ್ಲ. ಅದರ ಬೇರು ಇರೋದು ಪೋಪ್ 13ನೇ ಲಿಯೋ 1891ರಲ್ಲಿ ಹೊರಡಿಸಿದ 'ರೇರುಂ ನೊವಾರುಂ' ಅನ್ನೋ ಪತ್ರದಲ್ಲಿ. ಆ ಪತ್ರ ಖಾಸಗಿ ಆಸ್ತಿಯ ಪರವಾಗೇ ಇದೆ. ಆದರೆ ಆ ಆಸ್ತಿ ಆದಷ್ಟು ಹೆಚ್ಚು ಜನರ ಕೈಯಲ್ಲಿರಬೇಕು, ಕೂಲಿಯವನೂ ಸಂಬಳದಲ್ಲಿ ಉಳಿಸಿ ಏನಾದರೂ ಮಾಡಿಕೊಳ್ಳುವಂತಿರಬೇಕು ಅನ್ನುತ್ತೆ. ಇಂಗ್ಲೆಂಡಿನ ಲೇಖಕರಾದ ಚೆಸ್ಟರ್ಟನ್, ಬೆಲಕ್ ಅದನ್ನೇ ಹಿಡಿದು ಬೆಳೆಸಿದರು. 1931ರಲ್ಲಿ ಪೋಪ್ 11ನೇ ಪಿಯುಸ್ ಹೇಳಿದ್ದು ಇನ್ನೊಂದು: ಊರಿನವರೇ ಮಾಡಿಕೊಳ್ಳಬಲ್ಲ ಕೆಲಸಕ್ಕೆ ಮೇಲಿನವರು ಕೈ ಹಾಕಬಾರದು.

ಹಾಸನ, ಚಿಕ್ಕಮಗಳೂರಿನವರಿಗೆ ಇದು ಹೊಸದೇನಲ್ಲ, ನಮ್ಮ ಹಾಲಿನ ಡೈರಿ ನಡೆಯೋದೇ ಹೀಗೆ. ಹಸು ಮನೆಯದು. ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ನೋಡೋದು ಊರ ಸಂಘದ್ದು. ಪ್ಯಾಕಿಂಗ್ ಒಕ್ಕೂಟದ್ದು, ನಂದಿನಿ ಅನ್ನೋ ಹೆಸರು ಮಹಾಮಂಡಳದ್ದು.

ಕಾಫಿಯಲ್ಲಿ ಎಲ್ಲಿ ಎಡವಟ್ಟಾಗುತ್ತೆ ಅಂದ್ರೆ, ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಅಂದ್ರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಬೇಕು. ಚೀಲದಲ್ಲಿ ರಾತ್ರಿ ಕಳೆದರೆ ಬಿಸಿಯೇರಿ ಹುಳಿ ಹಿಡಿಯುತ್ತೆ. ನಾಲ್ಕು ಎಕರೆಯವನಿಗೆ ಪಲ್ಪರ್, ತೊಟ್ಟಿ, ಕಣ, ಕೊಳೆನೀರಿನ ಗುಂಡಿ ಎಲ್ಲ ಎಲ್ಲಿಂದ ಬರಬೇಕು? ಸಿಪ್ಪೆ ಸಮೇತ ಚೆರ್ರಿಯಾಗಿ ಒಣಗಿಸಿ ಮಾರುತ್ತಾನೆ. ಅಲ್ಲಿ ದರ ನಿಂತಿರೋದು ಓಟಿ (ಔಟ್ ಟರ್ನ್) ಮೇಲೆ, ಅಂದ್ರೆ 50 ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋದರ ಮೇಲೆ. ಸ್ಯಾಂಪಲ್ ತೆಗೆಯೋನೂ ವ್ಯಾಪಾರಿ, ತೇವಾಂಶದ ಮೀಟರೂ ಅವನದೇ. ಮಳೆಗಾಲದಲ್ಲಿ ಗೊಬ್ಬರಕ್ಕೆ ಅವನ ಹತ್ತಿರವೇ ಮುಂಗಡ ಎತ್ತಿದ್ದರೆ ಬಾಯಿ ಬಿಡೋ ಹಾಗಿಲ್ಲ.

ಹದಿನೈದಿಪ್ಪತ್ತು ಬೆಳೆಗಾರರು ಸೇರಿ ಒಂದು ಪಲ್ಪರ್ ಹಾಕಬಹುದು. ಒಬ್ಬೊಬ್ಬರ ಕಾಫಿ ಬೇರೆ ಬೇರೆ ಇಡಬೇಕಾಗಿಲ್ಲ, ಹಣ್ಣಿನ ತೂಕ ಅವರವರ ಖಾತೆಗೆ ಬರೆದರಾಯಿತು. ಅರೇಬಿಕಾದಲ್ಲಿ 5-6 ಕೆಜಿ ಹಣ್ಣಿಗೆ ಸುಮಾರು 1 ಕೆಜಿ ಬೀಜ. ಆದರೆ ಬಾಗಿಲಲ್ಲೇ ಹಣ್ಣನ್ನು ನೀರಿಗೆ ಹಾಕಿ ತೇಲುಗಾಯಿ ತೆಗೀಬೇಕು, ಹಸಿರುಕಾಯಿ ಎಷ್ಟಿದೆ ನೋಡಿ ದರ ಕಡಿತ ಮಾಡಬೇಕು. ಎಲ್ಲರಿಗೂ ಒಂದೇ ದರ ಅಂದ ದಿನ, ಕೆಂಪು ಹಣ್ಣನ್ನೇ ಆರಿಸಿ ತರೋನು ಸಂಘ ಬಿಡ್ತಾನೆ. ಹಾಲಿಗೆ ಫ್ಯಾಟ್ ನೋಡೋದು ಯಾಕೆ ಮತ್ತೆ?

ಅದಕ್ಕಿಂತ ದೊಡ್ಡ ತೊಡಕು ದುಡ್ಡು. ಕೊಯ್ಲಿನ ಕೂಲಿ ವಾರ ವಾರ ಕೊಡಬೇಕು, ಕಾಫಿ ಮಾರಾಟವಾಗೋದು ತಿಂಗಳುಗಳ ಮೇಲೆ. ಹಣ್ಣು ಇಳಿಸಿದ ವಾರದಲ್ಲೇ ಅದರ ಬೆಲೆಯ ಶೇ. 60-70 ಕೈಗೆ ಬರದಿದ್ದರೆ ಸದಸ್ಯ ವ್ಯಾಪಾರಿಯ ಅಂಗಡಿಗೇ ಹೋಗ್ತಾನೆ, ಅದನ್ನ ದ್ರೋಹ ಅನ್ನೋಕಾಗಲ್ಲ. ಸ್ಪೇನ್‌ನ ಮೊಂದ್ರಾಗೊನ್‌ನಲ್ಲಿ ಒಬ್ಬ ಪಾದ್ರಿಯ ಪ್ರೇರಣೆಯಿಂದ 1956ರಲ್ಲಿ ಮೊದಲ ಕಾರ್ಮಿಕ ಸಹಕಾರಿ ಕಾರ್ಖಾನೆ ಶುರುವಾಯಿತು, 1959ಕ್ಕೇ ಅವರದೇ ಬ್ಯಾಂಕೂ ಬಂತು. ಅಲ್ಲಿ ಲಾಭದ ದೊಡ್ಡ ಪಾಲು ಸದಸ್ಯರ ಹೆಸರಿನ ಖಾತೆಗೆ ಜಮಾ, ಕೈಗೆ ಸಿಗೋದು ಬಿಟ್ಟು ಹೋಗುವಾಗ. ಡಿವಿಡೆಂಡ್ ಹಂಚೋ ಆತುರದಲ್ಲಿರೋ ನಮ್ಮ ಸಂಘಗಳು ಮೊದಲು ಕಲೀಬೇಕಾದ್ದು ಇದನ್ನ. ಹಾಗಂತ ಅದು ರಾಮರಾಜ್ಯವೂ ಅಲ್ಲ. ಅವರ ಗುಂಪಿನ ಗೃಹೋಪಯೋಗಿ ಯಂತ್ರಗಳ ಕಂಪನಿ ಫಾಗೋರ್ 2013ರಲ್ಲಿ ದಿವಾಳಿಯಾಯಿತು.

ಇನ್ನು ಲೈನ್ ಮನೆಯವರ, ಅಂದ್ರೆ ತೋಟದ ಕೂಲಿಕಾರರ ವಿಷಯ. ಲಿಯೋ ಪತ್ರ ಬರೆದದ್ದೇ ಕೂಲಿಕಾರರನ್ನು ನೆನೆದು. ನಾವು ಮಾತ್ರ ಸಂಘ ಅಂದ್ರೆ ಪಹಣಿ ಇದ್ದವರದ್ದು ಅಂದ್ಕೊಂಡಿದ್ದೀವಿ. ಪಲ್ಪಿಂಗ್ ಘಟಕದಲ್ಲಿ ದುಡಿಯೋರಿಗೂ ಷೇರು ಕೊಡಿ, ವರ್ಷದ ಬೋನಸ್ಸಿನ ಜೊತೆ ಒಂದೊಂದು ಸೇರಿಸುತ್ತಾ ಹೋಗಿ, ಮಹಾಸಭೆಯಲ್ಲಿ ಬೆಳೆಗಾರನಷ್ಟೇ ಒಂದು ಮತ ಅವರಿಗೂ ಇರಲಿ. ಬೈಲಾ ಬರೆಯೋವಾಗಲೇ ಇದನ್ನ ಹಾಕಬೇಕು, ಲಾಭ ಬಂದ ಮೇಲೆ ಯಾವ ಆಡಳಿತ ಮಂಡಳಿಯೂ ಹಾಕಲ್ಲ.