ತಾಳ್ಮೆಯನ್ನು ಒಳ್ಳೆಯ ಗುಣ ಅಂತ ಮೊದಲು ಹೇಳಿದವರು ಯಾರು?

ಗೆಳೆಯರ ಗುಂಪಿನಲ್ಲಿ ಒಂದು ವಾರದಿಂದ ಜರ್ಮನಿಯ ತತ್ವಜ್ಞಾನಿ ನೀತ್ಸೆ ಬಗ್ಗೆ ಚರ್ಚೆ ನಡೀತಿದೆ. ‘ಬಡವರ ನ್ಯಾಯ ಅಂದರೆ ಮುಚ್ಚಿಟ್ಟ ಸೇಡು’ ಅಂತ ಕೆಲವು ಗೆಳೆಯರು ಬರೆದಿದ್ದಾರೆ. ಅಲ್ಲಿ ಎರಡೆರಡು ಸಾಲು ಹಾಕಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

1887ರಲ್ಲಿ ಬಂದ ‘ನೈತಿಕತೆಯ ವಂಶಾವಳಿ’ ಅನ್ನುವ ಪುಸ್ತಕದಲ್ಲಿ ಅವನು ಹೇಳುವುದು ಇಷ್ಟು. ಹಿಂದೆ ಬಲ ಇದ್ದವರು, ಆಳುವವರು, ತಮ್ಮನ್ನೇ ನೋಡಿಕೊಂಡು ‘ನಾವು ಒಳ್ಳೆಯವರು’ ಅಂದರು. ಉಳಿದವರು ಅವರ ಲೆಕ್ಕದಲ್ಲಿ ಕೀಳು, ಅಷ್ಟೇ. ಆ ಉಳಿದವರ ಮೇಲೆ ದ್ವೇಷವೇನೂ ಇರಲಿಲ್ಲ. ಆಮೇಲೆ ತುಳಿಸಿಕೊಂಡವರು ಈ ಲೆಕ್ಕವನ್ನೇ ತಿರುಗಿಸಿದರು. ತಿರುಗಿ ಹೊಡೆಯೋಕೆ ಆಗದೆ ಒಳಗೇ ಕುದಿಯುತ್ತಿದ್ದ ಸಿಟ್ಟು ‘ಬಲಶಾಲಿ ದುಷ್ಟ, ಹಾಗಾಗಿ ನಾವು ಒಳ್ಳೆಯವರು’ ಅನ್ನುವ ನೀತಿಯಾಯಿತು. ಸೇಡು ತೀರಿಸಲು ಆಗದ್ದು ಕ್ಷಮೆ ಅನಿಸಿಕೊಂಡಿತು, ಹೆದರಿಕೆ ವಿನಯ ಅನಿಸಿಕೊಂಡಿತು. ಕುರಿಮರಿಗಳು ಹದ್ದನ್ನು ಕೆಟ್ಟದ್ದು ಅಂತ ಬೈದರೆ, ಹದ್ದು ‘ನಮಗೇನೂ ನಿಮ್ಮ ಮೇಲೆ ಸಿಟ್ಟಿಲ್ಲ, ನಿಮ್ಮಷ್ಟು ರುಚಿ ಬೇರೆ ಯಾವುದೂ ಇಲ್ಲ’ ಅನ್ನುತ್ತದೆ. ಈ ಉದಾಹರಣೆ ಅವನದ್ದೇ.

ಇದು ಹೊಸ ಜಗಳವಲ್ಲ. ಪ್ರಾಚೀನ ಗ್ರೀಸಿನ ಪ್ಲೇಟೋ ಬರೆದ ಸಂವಾದಗಳಲ್ಲೇ ಎರಡು ಬಗೆಯ ವಾದ ಇವೆ. ಥ್ರಾಸಿಮಾಕಸ್ ಅನ್ನುವವನು ‘ನ್ಯಾಯ ಅಂದರೆ ಬಲಶಾಲಿಗೆ ಅನುಕೂಲವಾದದ್ದು’ ಅನ್ನುತ್ತಾನೆ. ಕ್ಯಾಲಿಕ್ಲಿಸ್ ಅನ್ನುವವನು ‘ಇಲ್ಲ, ಬಲಶಾಲಿಯನ್ನು ಕಟ್ಟಿಹಾಕೋಕೆ ದುರ್ಬಲರೇ ಕಾನೂನು ಮಾಡಿಕೊಂಡರು’ ಅನ್ನುತ್ತಾನೆ. ನೀತ್ಸೆ ಎರಡನೆಯವನ ಕಡೆಯವನು. ಕೊಡಗಿನಲ್ಲಿ ಹುಟ್ಟಿ ಬೆಳೆದ ನನಗೆ ಮೊದಲನೆಯವನ ಮಾತೇ ಜಾಸ್ತಿ ಸರಿ ಕಾಣುತ್ತದೆ.

ಯಾಕೆ ಅಂದರೆ, ತಾಳ್ಮೆ, ವಿಧೇಯತೆ, ಉಪಕಾರ ಸ್ಮರಣೆ ಇವನ್ನೆಲ್ಲ ದೊಡ್ಡ ಗುಣ ಅಂತ ಹೊಗಳುವುದನ್ನು ನಾನು ಕಾಫಿ ತೋಟದ ಕೆಲಸದವರು ಇರುವ ಲೈನ್ ಮನೆಗಳಲ್ಲಿ ಕೇಳಿದ್ದಕ್ಕಿಂತ ಮಾಲೀಕರ ಬಂಗಲೆಯ ಜಗಲಿಯಲ್ಲಿ ಕೇಳಿದ್ದೇ ಜಾಸ್ತಿ. ‘ಅವಳು ಎಷ್ಟು ಒಳ್ಳೆಯವಳು ಗೊತ್ತಾ, ಇಪ್ಪತ್ತು ವರ್ಷದಲ್ಲಿ ಒಂದು ಸಲ ಎದುರು ಮಾತಾಡಿಲ್ಲ.’ ಈ ಮಾತು ಕೇಳದ ತೋಟ ಇದೆಯಾ?

ನಮ್ಮ ಕಡೆಯ ಒಂದು ತೋಟದಲ್ಲಿ ಕಣ್ಣಾರೆ ಕಂಡದ್ದು. ರೊಬಸ್ಟಾ ಕಾಫಿ ಕುಯ್ಯುವ ಸಮಯ, ಸಂಜೆ ಕಣದ ಪಕ್ಕ ತೂಕ ನಡೀತಿತ್ತು. ಹೆಂಗಸರು ಚೀಲ ಹೊತ್ತು ತಂದು ಸಾಲಾಗಿ ಇಡುತ್ತಿದ್ದರು. ಲೆಕ್ಕ ಬರೆಯುವ ರೈಟರ್ ಚೀಲದ ತೂಕ ಅಂತ ಪ್ರತಿ ಚೀಲಕ್ಕೂ ಎರಡು ಕೆಜಿ ಕಳೆದು ಬರೆಯುತ್ತಿದ್ದ. ಲೈನ್ ಮನೆಯ ಅಕ್ಕ ಒಬ್ಬರು ಮುಂದೆ ಬಂದು, ‘ಖಾಲಿ ಚೀಲ ಇಟ್ಟು ಒಂದು ಸಲ ತೂಕ ಮಾಡಿ ಸಾರ್, ನೋಡೋಣ’ ಅಂದರು. ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ಇಟ್ಟರು. ಮುಳ್ಳು ಒಂದು ಕೆಜಿಯನ್ನೂ ಮುಟ್ಟಲಿಲ್ಲ. ಆಮೇಲೆ ಆ ಅಕ್ಕ ಹಿಂದೆ ನಿಂತಿದ್ದ ಅಸ್ಸಾಮಿನ ಹುಡುಗರ ಚೀಲಗಳನ್ನು ತೋರಿಸಿ, ‘ಇವರದ್ದೂ ಸರಿ ಮಾಡಿ, ಪಾಪ ಇವರಿಗೆ ಮಾತು ಬರಲ್ಲ’ ಅಂದರು. ಆ ಹುಡುಗರು ಬಂದ ಮೇಲೆ ತಮ್ಮ ಕೆಲಸ ಕಮ್ಮಿಯಾಯಿತು ಅಂತ ಇದೇ ಲೈನಿನವರು ಗೊಣಗಿದ್ದೂ ನನಗೆ ಗೊತ್ತು. ಆವತ್ತಿನಿಂದ ಬಂಗಲೆಯಲ್ಲಿ ಆ ಅಕ್ಕನ ಬಗ್ಗೆ ‘ಮುಂಚೆ ಒಳ್ಳೆಯವಳಿದ್ದಳು, ಈಗ ಬಾಯಿ ಜಾಸ್ತಿಯಾಗಿದೆ’ ಅನ್ನುವ ಮಾತು.

ನೀತ್ಸೆ ಎಡವಿದ್ದು ಇಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ. ತಲೆತಗ್ಗಿಸುವುದನ್ನು ಪುಣ್ಯ ಮಾಡಿದ್ದು ತಲೆ ತಗ್ಗಿಸಿದವರಲ್ಲ, ಅದರಿಂದ ಲಾಭ ಇದ್ದವರು. ದುರ್ಬಲರು ತಾವೇ ಕಟ್ಟಿಕೊಂಡ ನೀತಿ ಬೇರೆಯೇ ಇದೆ. ಒಬ್ಬಳು ಕೆಲಸಕ್ಕೆ ಹೋದರೆ ಪಕ್ಕದವಳು ಮಗು ನೋಡಿಕೊಳ್ಳುವುದು, ತೂಕದಲ್ಲಿ ಮೋಸವಾದರೆ ಎಲ್ಲರದ್ದೂ ಕೇಳುವುದು. ಅದು ಅಗತ್ಯದಿಂದ ಹುಟ್ಟಿದ್ದು, ಹೊಟ್ಟೆಕಿಚ್ಚಿನಿಂದ ಅಲ್ಲ.

ಬಲ ಇದ್ದವರಿಗೆ ನೀತಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೋದ್ ದಿನ ಕೋವಿ, ಒಡಿಕತ್ತಿಗಳನ್ನು ತೊಳೆದು, ತೋಕ್ ಪೂ ಅನ್ನುವ ಹೂವು ಇಟ್ಟು ಪೂಜೆ ಮಾಡಿದ ಮೇಲೆ ಹಿರಿಯರು ಕೋವಿ ಕೊಡುವಾಗ ಹೇಳುವ ಬುದ್ಧಿಮಾತಿನ ಸಾರ ಸುಮ್ನೆ ಯಾರನ್ನೂ ಕೆಣಕಬೇಡ, ಗೆಳೆಯನ ಕೈ ಬಿಡಬೇಡ ಅಂತ. ಕೋವಿ ಹಿಡಿದ ಮನೆಯೇ ತನಗೆ ಹಾಕಿಕೊಂಡ ಕಟ್ಟು ಅದು. ಯಾವ ದುರ್ಬಲನೂ ಹೇರಿದ್ದಲ್ಲ. ನನಗೆ ಅದರ ಮೇಲೆ ಬಹಳ ಗೌರವ. ಆದರೆ ನೀತ್ಸೆ ಒಂದು ಮಾತು ಸರಿಯಾಗಿ ಹೇಳಿದ್ದಾನೆ: ಈ ಶ್ರೀಮಂತ ಕುಲಗಳು ತಮ್ಮ ಸರೀಕರ ನಡುವೆ ಎಷ್ಟು ಸಂಯಮದಿಂದ ಇರುತ್ತವೋ, ಹೊರಗಿನವರ ವಿಷಯದಲ್ಲಿ ಅಷ್ಟೇ ಕಡಿವಾಣವಿಲ್ಲದೆ ಇರುತ್ತವೆ. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರ ಮುಂದೆ ಕೂರೋಕೂ ಹಿಂಜರಿಯುವ ಮನುಷ್ಯ ಲೈನ್ ಮನೆ ಮುಂದೆ ನಿಂತು ಅಜ್ಜನ ವಯಸ್ಸಿನವರನ್ನು ‘ಏನೋ, ಬಾರೋ’ ಅನ್ನುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ?

ಜೀತ ರದ್ದಾಗಿದ್ದು 1976ರಲ್ಲಿ. ಅದಾಗಿ 40 ವರ್ಷಕ್ಕೆ, 2016ರ ಡಿಸೆಂಬರ್‌ನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರು. ಅವರಲ್ಲಿ ಎಷ್ಟೋ ಜನ ಲೈನ್ ಮನೆ ಬಿಟ್ಟು ಬಂದವರು. ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಕೂತರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅನೇಕರಿಗೆ ಜಾಗ ಸಿಕ್ಕಿತು. ಅವರು ಕೇಳಿದ್ದು ತಲೆ ಮೇಲೊಂದು ಸೂರು, ಕಾಲ ಕೆಳಗೆ ಸ್ವಂತ ನೆಲ. ಯಾವ ಸಾಹುಕಾರನನ್ನೂ ಬೀದಿಗೆ ತನ್ನಿ ಅಂತ ಕೇಳಲಿಲ್ಲ. ಗುಂಪಿನಲ್ಲಿ ‘ಬಡವರ ನ್ಯಾಯ ಅಂದರೆ ಮುಚ್ಚಿಟ್ಟ ಸೇಡು’ ಅಂತ ಬರೆದ ಗೆಳೆಯರು ಇದರಲ್ಲಿ ಸೇಡು ಎಲ್ಲಿದೆ ಅಂತ ಕೆಳಗೆ ಬರೆಯಲಿ. ನಾನು ಓದುತ್ತೇನೆ, ಉತ್ತರವನ್ನೂ ಕೊಡುತ್ತೇನೆ.